ಒಂಬತ್ತನೆಯ ಸಾಲಿನ ಗೀಟು

ಗೆಹೈಮ್‌ರಾಟ್ ಶ್ಟ್ರೂಬೆ ಗುರುವಾರ ಹನ್ನೊಂದರ ರೈಲಿಗೆ ಬರುತ್ತಾರೆಂದು ತಂತಿ ಬಂದ ದಿನದಿಂದ ಓಟೀಲಿಯ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಸರಕಾರ ಗೆಹೈಮ್‌ರಾಟ್ ಎಂದು ಬಿರುದು ಕೊಟ್ಟು ಕೂರಿಸಿದ ಅಷ್ಟು ದೊಡ್ಡ ಮನುಷ್ಯ, ಅದೂ ಎಪ್ಪತ್ತರ ಹತ್ತಿರದ ಮುದುಕ, ಬರ್ಲಿನ್ನಿನಿಂದ ಲಾನ್ ನದಿಯ ದಂಡೆಯ ನಮ್ಮ ಈ ಪುಟ್ಟ ಊರಿಗೆ ಸುಮ್ಮಸುಮ್ಮನೆ ಬರುತ್ತಾನೆಯೇ? ಅವಳ ಅಪ್ಪ ಪ್ರೊಫೆಸರ್ ಲುಡೋಲ್ಫ್ ಎಗ್ಗರ್ಸ್ ಸುಳ್ಳುಗಾರ ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಿ ಹೋಗುವುದಕ್ಕೆ ಬರುತ್ತಿದ್ದರು. ಹೌದು ಎಂದಾದರೆ ನಲವತ್ತು ವರ್ಷ ದುಡಿದು ಗಳಿಸಿದ ಹೆಸರು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು. ತಪ್ಪು ಅಪ್ಪನದಲ್ಲ, ತನ್ನದು ಎಂಬುದು ಓಟೀಲಿಗೊಬ್ಬಳಿಗೇ ಗೊತ್ತಿತ್ತು. ಅಪ್ಪನಿಗೂ ಗೊತ್ತಿರಲಿಲ್ಲ.

ಎಗ್ಗರ್ಸ್ ಹುಟ್ಟಾ ದೊಡ್ಡ ಮನೆಯವರಲ್ಲ, ಕುದುರೆ ಜೀನು ಹೊಲಿಯುವವನ ಮಗ. ಒಮ್ಮೆ ಕೇಳಿದ್ದನ್ನು ಮರೆಯದ ಹುಡುಗನನ್ನು ಕಂಡು ದಂಗಾದ ಊರ ಪಾದ್ರಿ ಗ್ರೀಕ್ ಕಲಿಸಿದ. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಹತ್ತು ವರ್ಷ ಸಂಬಳವಿಲ್ಲದ ಉಪನ್ಯಾಸಕನಾಗಿ, ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದರು. ಇಟಲಿಯ ಮಠಗಳ ತಣ್ಣನೆ ಕೋಣೆಗಳಲ್ಲಿ ಕೂತು ಹಳೆಯ ಹಸ್ತಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ ನಕಲು ಮಾಡಿದರು. ಕಣ್ಣು ಕೆಟ್ಟದ್ದು ಅಲ್ಲೇ ಎಂದು ಅವರೇ ಹೇಳುತ್ತಿದ್ದರು. ಕಳೆದುಹೋದ ಗ್ರೀಕ್ ದುರಂತ ನಾಟಕಗಳ ಅಳಿದುಳಿದ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ ನಾಲ್ಕು ಸಂಪುಟ ತಂದಾಗ ಇಡೀ ಜರ್ಮನಿಯ ಪಂಡಿತರು ತಲೆದೂಗಿದರು. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು. ಗಂಡುಮಕ್ಕಳಿರಲಿಲ್ಲ. ಒಂಬತ್ತು ವರ್ಷದ ಓಟೀಲಿಗೆ ಬೆಳಗಿನ ಕಾಫಿ ಮೇಜಿನ ಮೇಲೇ ಗ್ರೀಕ್ ಅಕ್ಷರ ತಿದ್ದಿಸಿದರು. ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯದ ಬಾಗಿಲೊಳಗೆ ಬಿಟ್ಟುಕೊಳ್ಳದ ಆ ಕಾಲದಲ್ಲಿ ಅವಳಿಗೆ ಅದೊಂದು ಮೇಜೇ ವಿಶ್ವವಿದ್ಯಾಲಯವಾಯಿತು.

ಎರಡು ವರ್ಷದ ಹಿಂದೆ ಪ್ರೊಫೆಸರರ ಕಣ್ಣು ಪೂರ್ತಿ ಹೋಯಿತು. ಹೋಯಿತು ಎಂದು ಒಬ್ಬರಿಗೂ ಹೇಳಲಿಲ್ಲ, ಆ ಹಟಮಾರಿ! ಐದನೆಯ ಸಂಪುಟ ಇನ್ನೂ ಮುಗಿದಿರಲಿಲ್ಲ. ಕುರುಡ ಓದಿದ್ದನ್ನು ಯಾರು ನಂಬುತ್ತಾರೆ? ಮಗಳು ತೋಳು ಹಿಡಿದು ತರಗತಿಯ ಬಾಗಿಲವರೆಗೆ ಬಿಟ್ಟರೆ, ಅಲ್ಲಿಂದ ಹನ್ನೊಂದು ಹೆಜ್ಜೆ ಎಣಿಸಿಕೊಂಡು ಪೀಠಕ್ಕೆ ಹೋಗಿ, ಪುಸ್ತಕ ತೆರೆದಿಟ್ಟು, ಬಾಯಿಪಾಠ ಬರುತ್ತಿದ್ದ ನಾಟಕವನ್ನು ಪುಟ ತಿರುವುತ್ತ ಒಪ್ಪಿಸುತ್ತಿದ್ದರು. ಬೀದಿಯಲ್ಲಿ ಟೋಪಿ ಎತ್ತಿದ ಹುಡುಗರಿಗೆ ಪ್ರತಿವಂದನೆ ಇಲ್ಲ. ಮುದುಕನಿಗೆ ಸೊಕ್ಕು ಬಂದಿದೆ ಎಂದು ಅವರು ಗೊಣಗಿಕೊಂಡರು. ಮನೆಯಲ್ಲಿ ಓದುವುದು, ಬರೆಯುವುದು, ಕರಡಚ್ಚು ತಿದ್ದುವುದು ಎಲ್ಲ ಓಟೀಲಿ. ಆ ಕೆಲಸವನ್ನು ಪ್ರೊಫೆಸರರ ಶಿಷ್ಯರ ಕೈಗೂ ಕೊಡುವ ಹಾಗಿರಲಿಲ್ಲ. ಹೊಸ ಪಠ್ಯ ಅಚ್ಚಾಗುವ ತನಕ ಇನ್ನೊಬ್ಬನ ಕಣ್ಣಿಗೆ ಬೀಳಬಾರದು ಎಂಬುದು ಆ ಪಂಡಿತರೆಲ್ಲರ ಹಳೆಯ ಕಟ್ಟುಪಾಡು.

ಹೋದ ಅಕ್ಟೋಬರಿನಲ್ಲಿ ಈಜಿಪ್ಟಿನಿಂದ ಒಂದು ಪಪೈರಸ್, ಎಂದರೆ ಜೊಂಡಿನ ನಾರಿನಿಂದ ಮಾಡಿದ ಹಾಳೆ, ಬಂತು. ಎರಡು ಗಾಜಿನ ನಡುವೆ ಅಂಗೈಯಗಲದ ಚೂರು, ಯಾರೂ ಕೇಳಿರದ ನಾಟಕದ್ದು. ಸತ್ತ ರಾಜಕುಮಾರನ ಮುಂದೆ ಅವನನ್ನು ಸಾಕಿದ ಮುದಿ ದಾಸಿ ಅಳುತ್ತಾಳೆ. ಕೊನೆಗೆ ಏಳು ಸಾಲು ಬರುತ್ತವೆ, ಎಂಥ ಸಾಲುಗಳು! ಆ ಏಳು ಸಾಲನ್ನು ಹೇಳುವವರು ಯಾರು? ಅಳುತ್ತಿದ್ದ ದಾಸಿಯೋ, ಆಗಷ್ಟೇ ಒಳಬಂದ ರಾಜನೋ? ಆ ಕಾಲದ ನಕಲುಗಾರರು ಪಾತ್ರದ ಹೆಸರು ಬರೆಯುತ್ತಿರಲಿಲ್ಲ. ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಕಡೆ ಎಡ ಅಂಚಿನಲ್ಲಿ, ಸಾಲಿನ ಕೆಳಗೆ, ಒಂದು ಪುಟ್ಟ ಗೀಟು ಎಳೆದು ಬಿಡುತ್ತಿದ್ದರು. ಗೀಟು ಇದ್ದರೆ ರಾಜ, ಇಲ್ಲದಿದ್ದರೆ ದಾಸಿ. ಅಷ್ಟು ಘನವಾದ ಮಾತನ್ನು ಯಾವ ಕವಿಯೂ ದಾಸಿಯ ಬಾಯಲ್ಲಿ ಇಡುವುದಿಲ್ಲ, ರಾಜನದೇ ಇರಬೇಕು ಎಂದು ಎಗ್ಗರ್ಸ್ ಮೊದಲ ದಿನವೇ ಹಟ ಹಿಡಿದರು.

ಓಟೀಲಿ ನೋಡಿದಳು. ಒಂಬತ್ತನೆಯ ಸಾಲಿನ ಕೆಳಗೆ, ಆ ಏಳು ಸಾಲು ಶುರುವಾಗುವ ಕಡೆ, ಕಪ್ಪಗೆ ಏನೋ ಇತ್ತು. ಹಾಗೆಂದಳು. ಮಸಿಯೋ, ಜೊಂಡಿನ ನಾರೋ ಎಂದು ಅಪ್ಪ ಕೇಳಿದರು. ಆವತ್ತು ಮೋಡ ಮುಚ್ಚಿತ್ತು, ಭೂತಗನ್ನಡಿ ಪಕ್ಕದ ಕೋಣೆಯಲ್ಲಿತ್ತು. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕಣ್ಣು ಹೋದಮೇಲೆ ಅವರ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ. ಮಸಿ ಎಂದುಬಿಟ್ಟಳು.

ನವೆಂಬರಿನ ಒಂದು ಬೆಳಗ್ಗೆ ಓರೆ ಬಿಸಿಲು ಗಾಜಿನ ಮೇಲೆ ಬಿದ್ದಾಗ ಗೊತ್ತಾಯಿತು. ಅದು ನಾರು. ಹಾಳೆಯ ಅಂಚಿನ ಆಚೆಗೂ ಅದೇ ಕಪ್ಪು ಎಳೆ ಮುಂದುವರಿದಿತ್ತು, ಮಸಿಯಾಗಿದ್ದರೆ ಹಾಗೆ ಹೋಗುತ್ತಿರಲಿಲ್ಲ. ಅಷ್ಟೊತ್ತಿಗೆ ಗೀಟು ಇದೆ ಎಂದು ಅಪ್ಪ ಬರೆಸಿದ ಪ್ರಬಂಧ ಅಚ್ಚಿಗೆ ಹೋಗಿತ್ತು, ಅವರು ಚಳಿಗಾಲದ ಪಾಠವೆಲ್ಲ ಅದೇ ರಾಜನ ಮೇಲೆ ನಡೆಸುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಳು. ಫೆಬ್ರವರಿಯಲ್ಲಿ ಶ್ಟ್ರೂಬೆಯ ವಿಮರ್ಶೆ ಬಂತು. ಪ್ರಬಂಧದ ಜೊತೆಗೆ ಅಚ್ಚಾಗಿದ್ದ ಛಾಯಾಚಿತ್ರದಲ್ಲಿ ಎಂಥ ಗೀಟೂ ಇಲ್ಲ, ಇಲ್ಲದ್ದನ್ನು ಬೇಕೆಂದೇ ಇದೆ ಎಂದು ಅಚ್ಚು ಹಾಕುವವರಿಗೆ ನಮ್ಮ ವೃತ್ತಿಯಲ್ಲಿ ಜಾಗವಿಲ್ಲ ಎಂದು ಬರೆದಿದ್ದರು. ಅದನ್ನೂ ಅಪ್ಪನಿಗೆ ಓದಿ ಹೇಳಿದವಳು ಓಟೀಲಿಯೇ. ಬಂದು ಮೂಲವನ್ನೇ ನೋಡಲಿ ಎಂದು ಎಗ್ಗರ್ಸ್ ಗುಡುಗಿದರು. ಶ್ಟ್ರೂಬೆ ಬರುತ್ತೇನೆಂದು ತಂತಿ ಕಳಿಸಿದರು.

ಮಾರ್ಚಿನ ಆ ಗುರುವಾರ ಬೆಳಗ್ಗೆ ತಂದೆ ಮಗಳು ನಾಟಕದವರಂತೆ ಅಭ್ಯಾಸ ಮಾಡಿದರು. ಪ್ರೊಫೆಸರರು ಮೇಜಿನ ಹಿಂದೆ ಮೊದಲೇ ಕೂತಿರಬೇಕು. ಗಾಜು ಅವರ ಮುಂದೆ, ಮೇಜಿನ ಅಂಚಿಗೆ ಸರಿಯಾಗಿ ತಾಗಿಸಿ. ಗಾಜಿನ ಎಡ ಅಂಚಿನಿಂದ ಎರಡು ಬೆರಳು, ಮೇಲಿನಿಂದ ಐದು ಬೆರಳು. ಅವರ ತೋರುಬೆರಳು ಹತ್ತು ಸಲವೂ ಕೂದಲೆಳೆ ತಪ್ಪದೆ ಅಲ್ಲೇ ಹೋಗಿ ನಿಂತಿತು.

"ಅಪ್ಪಾ, ಅವರಿಗೆ ಗೀಟು ಕಾಣದಿದ್ರೆ?" ಎಂದಳು.

"ಅವನಿಗೆ ಕಾಣದಿದ್ರೆ ಕನ್ನಡಕ ಬದಲಾಯಿಸಲಿ. ನೀನು ಕಂಡಿದ್ದೀಯಲ್ಲ, ಸಾಕು."

ಈಗ ಹೇಳಬೇಕು ಎಂದು ಬಾಯಿ ತೆರೆದಳು. ಕೆಳಗೆ ಬಾಗಿಲ ಗಂಟೆ ಬಡಿಯಿತು. ಅಡುಗೆಯ ಮಿನ್ನಾ ಮೆಟ್ಟಿಲ ಬುಡದಿಂದಲೇ, ಬರ್ಲಿನ್ನಿನ ದೊರೆಗಳು ಬಂದರು, ಕಾಲೊರೆಸಿಕೊಳ್ಳದೆ ಒಳಗೆ ಬಂದರು ಎಂದು ಕೂಗಿದಳು.

ಶ್ಟ್ರೂಬೆ ಸಣಕಲು ಆಳು, ಬಿಳಿ ಗಡ್ಡ, ಮಾತು ಅಳೆದು ಸುರಿದ ಹಾಗೆ. ಕಾಫಿ ಬೇಡವೆಂದರು. ಜೀರಿಗೆ ಹಾಕಿದ ರೊಟ್ಟಿಯ ತಟ್ಟೆಯತ್ತ ತಿರುಗಿಯೂ ನೋಡಲಿಲ್ಲ. ಎಗ್ಗರ್ಸ್ ಎದ್ದು ನಿಲ್ಲದ್ದನ್ನು ಕಂಡು ಅವರ ಹುಬ್ಬು ಮೇಲೇರಿತು.

"ನಾನು ಕಾಲು ಕೆರೆದು ಜಗಳಕ್ಕೆ ಬಂದಿಲ್ಲ, ಎಗ್ಗರ್ಸ್. ಗೀಟು ತೋರಿಸಿ. ಇದ್ರೆ ಮುಂದಿನ ಸಂಚಿಕೆಯಲ್ಲೇ ಕ್ಷಮೆ ಕೇಳ್ತೀನಿ."

"ನಿಮ್ಮ ಮುಂದೇ ಇದೆ. ನೋಡಿ," ಎಂದರು ಎಗ್ಗರ್ಸ್.

ಶ್ಟ್ರೂಬೆ ಗಾಜನ್ನು ಎತ್ತಿಕೊಂಡು ಕಿಟಕಿಗೆ ಹೋದರು. ಮಖಮಲ್ಲಿನ ಚೀಲದಿಂದ ತಮ್ಮದೇ ಭೂತಗನ್ನಡಿ ತೆಗೆದರು. ಎಷ್ಟು ಹೊತ್ತು ನೋಡಿದರೋ! ಓಟೀಲಿ ಕಾಫಿ ತಟ್ಟೆಯ ಪಕ್ಕದಲ್ಲಿ ನಿಂತೇ ಇದ್ದಳು. ಎಗ್ಗರ್ಸ್ ಮಾತ್ರ ನಿರಾಳವಾಗಿ ಕೂತಿದ್ದರು. ಕೊನೆಗೆ ಶ್ಟ್ರೂಬೆ ಮೇಜಿನ ಎದುರು ಬದಿಗೆ ಬಂದು ಗಾಜನ್ನು ಕೆಳಗಿಟ್ಟರು. ತಾವು ನಿಂತ ಕಡೆಯಿಂದ ಓದಲು ಬರುವಂತೆ ಇಟ್ಟರು. ಪ್ರೊಫೆಸರರ ಪಾಲಿಗೆ ಅದು ತಲೆಕೆಳಗಾಗಿತ್ತು.

ಓಟೀಲಿ ಗಾಜನ್ನು ತಿರುಗಿಸಿಡಲು ಒಂದು ಹೆಜ್ಜೆ ಮುಂದಿಟ್ಟಳು.

"ನನಗೆ ಕಾಣ್ತಿಲ್ಲ," ಎಂದರು ಶ್ಟ್ರೂಬೆ. "ನೀವೇ ಬೆರಳಿಟ್ಟು ತೋರಿಸಿ."

ಎಗ್ಗರ್ಸ್ ನಕ್ಕರು. ಗಾಜಿನ ಅಂಚನ್ನು ಎಡಗೈಯಿಂದ ತಡವಿಕೊಂಡು, ಬಲಗೈಯ ತೋರುಬೆರಳನ್ನು ಎತ್ತಿ, ಅಭ್ಯಾಸ ಮಾಡಿದ ಜಾಗದಲ್ಲೇ ಊರಿದರು. ಅಲ್ಲಿ ಈಗ ಪಪೈರಸ್ಸೇ ಇರಲಿಲ್ಲ. ಚೂರು ಮುರಿದು ಹೋದ ಮೂಲೆ, ಬರೀ ಗಾಜು, ಅದರ ಕೆಳಗೆ ಮೇಜಿನ ಹಸಿರು ಬಟ್ಟೆ.

"ಇಗೋ, ಇದೇ. ಮಸಿ. ಸ್ವಲ್ಪ ಮಾಸಿದೆ, ಅಷ್ಟೇ. ಈಗಲಾದ್ರೂ ಕಂಡಿತಾ?"

ಶ್ಟ್ರೂಬೆ ಆ ಬೆರಳನ್ನು ನೋಡಿದರು, ಆಮೇಲೆ ಎಗ್ಗರ್ಸ್‌ರ ಮುಖ ನೋಡಿದರು. ಮೆಲ್ಲಗೆ ಕೈ ಎತ್ತಿ ಅವರ ಕಣ್ಣಿನ ಮುಂದೆ ಎರಡು ಸಲ ಆಡಿಸಿದರು. ಎಗ್ಗರ್ಸ್ ರೆಪ್ಪೆ ಬಡಿಯಲಿಲ್ಲ. ಉತ್ತರಕ್ಕಾಗಿ ಅದೇ ನಗುವಿನಲ್ಲಿ ಕಾದು ಕೂತಿದ್ದರು. ಓಟೀಲಿಗೆ ಅದನ್ನು ನೋಡಲಾಗಲಿಲ್ಲ.

"ಎರಡು ವರ್ಷ ಆಯ್ತು, ಹೆರ್ ಗೆಹೈಮ್‌ರಾಟ್," ಎಂದಳು. "ಅಪ್ಪನಿಗೆ ಏನೂ ಕಾಣಲ್ಲ."

ಎಗ್ಗರ್ಸ್‌ರ ಬೆರಳು ಗಾಜಿನ ಮೇಲಿಂದ ಹಿಂದಕ್ಕೆ ಬಂತು. ಕೆನ್ನೆ ಕೆಂಪಗಾಯಿತು. ಒಳಗೆ ಹೋಗು ಎಂದು ಮಗಳಿಗೆ ಸನ್ನೆ ಮಾಡಿದರು. ಅವಳು ಹೋಗಲಿಲ್ಲ.

ಶ್ಟ್ರೂಬೆ ಕುರ್ಚಿ ಎಳೆದುಕೊಂಡು ಕೂತರು. ಅವರ ದನಿ ಇನ್ನಷ್ಟು ತಣ್ಣಗಾಗಿತ್ತು. "ಕಣ್ಣು ಹೋಗಿದ್ದಕ್ಕೆ ನನಗೆ ನಿಜವಾಗ್ಲೂ ಬೇಜಾರಾಯ್ತು, ಎಗ್ಗರ್ಸ್. ಆದ್ರೆ ಇದು ಇನ್ನೂ ಕೆಟ್ಟದ್ದಾಯ್ತಲ್ಲ. ಕಣ್ಣೇ ಕಾಣದವರು ಗೀಟು ಹೇಗೆ ಕಂಡ್ರಿ? ರಾಜ ಬೇಕಾಗಿತ್ತು, ಗೀಟು ಇದೆ ಅಂದ್ರಿ. ಹಾಗಿದ್ರೆ ಆ ನಾಲ್ಕು ಸಂಪುಟದಲ್ಲಿ ಇಂಥವು ಇನ್ನೆಷ್ಟಿವೆ?"

"ಓದಿದ್ದು ನಾನು," ಎಂದಳು ಓಟೀಲಿ.

"ಫ್ರಾಯ್ಲೈನ್, ತಂದೆನ ಉಳಿಸ್ಕೊಳ್ಳೋಕೆ ಹೇಳ್ತಿದ್ದೀರಿ, ಅರ್ಥ ಆಗುತ್ತೆ. ಆದ್ರೆ ಇದು ಕಸೂತಿ ಬಟ್ಟೆ ಅಲ್ಲ. ಡಾಕ್ಟರ್ ಪದವಿಗೆ ಕೂತಿರೋ ನನ್ನ ಹುಡುಗರೇ ಇದನ್ನ ಓದೋಕೆ ತಿಣುಕಾಡ್ತಾರೆ."

"ಓದಿದ್ದು ಅವಳೇ," ಎಂದರು ಎಗ್ಗರ್ಸ್, ತಗ್ಗಿದ ದನಿಯಲ್ಲಿ. ಅವರು ಆ ಮಾತನ್ನು ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು.

ಶ್ಟ್ರೂಬೆ ನಂಬಲಿಲ್ಲ. ನಂಬದೆ ಬಿಟ್ಟು ಹೋಗುವವರೂ ಅಲ್ಲ. ಕೋಟಿನ ಜೇಬಿನಿಂದ ದಂತದ ಕಡ್ಡಿಯೊಂದನ್ನು ತೆಗೆದು, ಬನ್ನಿ ಇಲ್ಲಿ ಎಂದು ಓಟೀಲಿಯನ್ನು ಪಕ್ಕಕ್ಕೆ ಕರೆದರು. ಕಡ್ಡಿಯ ತುದಿಯನ್ನು ಗಾಜಿನ ಮೇಲೆ ಅಲ್ಲೊಂದು ಇಲ್ಲೊಂದು ಕಡೆ ಇಡುತ್ತ ಇದೇನು, ಇದೇನು ಎಂದು ಕೇಳತೊಡಗಿದರು. ಪಠ್ಯ ಬಾಯಿಪಾಠ ಬಂದರೂ ಉಪಯೋಗವಿಲ್ಲದ ಹಾಗೆ, ಕಲೆ, ತೂತು, ಗೀರು, ಎಲ್ಲದರ ಮೇಲೂ ಇಟ್ಟರು. ಅವಳು ಒಂದೊಂದನ್ನೇ ಹೇಳಿದಳು. ಇದು ಮಸಿ, ನಕಲುಗಾರ ಲೇಖನಿ ಎತ್ತುವಾಗ ಎಳೆದದ್ದು. ಇದು ಹುಳು ತಿಂದದ್ದು. ಇದು ಹಿಂದಿನ ಬರಹ ಅಳಿಸಿದ ಗುರುತು. ಇಲ್ಲಿ ನಾರು ಕಿತ್ತು ಅಕ್ಷರದ ಅರ್ಧ ಹೋಗಿದೆ, ಉಳಿದರ್ಧದ ಬಾಗು ನೋಡಿದರೆ ಯಾವ ಅಕ್ಷರವೆಂದು ತಿಳಿಯುತ್ತದೆ. ಒಂದು ಕಡೆ ಶ್ಟ್ರೂಬೆ ಅಲ್ಲವೆಂದರು, ಅದು ಕೊಳೆ ಎಂದರು. ಕೊಳೆಯಾದರೆ ಬಿರುಕಿನೊಳಗೂ ಇಳಿದಿರಬೇಕಿತ್ತು, ಇಳಿದಿಲ್ಲ ಎಂದಳು ಓಟೀಲಿ. ಅವರು ಭೂತಗನ್ನಡಿ ಹಿಡಿದು ಬಗ್ಗಿದರು, ಎದ್ದರು, ಗಡ್ಡ ನೀವಿಕೊಂಡರು.

"ಈ ಕಣ್ಣು ನನ್ನ ಹುಡುಗರಿಗಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮೇಜಿನ ಹಿಂದೆ ಎಗ್ಗರ್ಸ್‌ರ ಮುಖಕ್ಕೆ ಜೀವ ಬಂದಿತ್ತು. ಅವರು ಒಂದೊಂದು ಉತ್ತರಕ್ಕೂ ತಲೆಯಾಡಿಸುತ್ತಿದ್ದರು. ಆಗ ಶ್ಟ್ರೂಬೆ ಕಡ್ಡಿಯನ್ನು ಎಡ ಅಂಚಿಗೆ ತಂದು ಒಂಬತ್ತನೆಯ ಸಾಲಿನ ಕೆಳಗೆ ಇಟ್ಟರು.

"ಸರಿ. ಇದೇನು? ನನ್ನ ಕಣ್ಣಿಗೂ ವಯಸ್ಸಾಗಿದೆ, ಫ್ರಾಯ್ಲೈನ್. ನೀವು ಮಸಿ ಅಂದ್ರೆ ನಾನು ಇನ್ನೊಂದು ಸಲ ಯೋಚನೆ ಮಾಡ್ತೀನಿ."

ಅಯ್ಯೋ, ಅದನ್ನೇಕೆ ಹೇಳಿದರೋ ಆ ಮನುಷ್ಯ! ಅಲ್ಲ ಎಂದು ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಒಂದು ಮಾತು ಸಾಕಾಗಿತ್ತು. ಮಸಿ ಎಂದರೆ ಅಪ್ಪ ಗೆದ್ದರು. ಹೆಸರು ಉಳಿಯಿತು, ಪೀಠ ಉಳಿಯಿತು, ಐದನೆಯ ಸಂಪುಟವೂ ಮುಗಿಯಿತು. ಈಗಷ್ಟೇ ಇಪ್ಪತ್ತು ಸಲ ನಿಜ ಹೇಳಿ ಗಳಿಸಿದ ನಂಬಿಕೆಯನ್ನು ಒಂದು ಸುಳ್ಳಿಗೆ ಖರ್ಚು ಮಾಡಿದರಾಯಿತು. ಕಡ್ಡಿಯ ತುದಿಯ ಕೆಳಗೆ ಆ ಕಪ್ಪು ಎಳೆ ಅಂಚು ದಾಟಿ ಹೋಗುತ್ತಿತ್ತು. ಅದನ್ನು ಕಂಡಮೇಲೆ ಕಾಣದಂತೆ ನೋಡಲು ಅವಳಿಗೆ ಸಾಧ್ಯವೇ ಆಗಲಿಲ್ಲ.

"ನಾರು," ಎಂದಳು. "ಗೀಟಿಲ್ಲ."

ಕುರ್ಚಿ ಕಿರುಗುಟ್ಟಿತು. "ಏನಂದೆ?" ಎಂದರು ಎಗ್ಗರ್ಸ್.

"ಗೀಟಿಲ್ಲ ಅಪ್ಪಾ. ಆವತ್ತು ಮೋಡ ಇತ್ತು, ನಾನು ಸರಿಯಾಗಿ ನೋಡದೇ ಹೇಳ್ಬಿಟ್ಟೆ. ತಪ್ಪು ನಂದು."

ಅಪ್ಪ ಕೂಗುತ್ತಾರೆ ಎಂದುಕೊಂಡಿದ್ದಳು, ಕೂಗಲಿಲ್ಲ. ಹಾಗಾದರೆ ಆ ಏಳು ಸಾಲನ್ನು ಓದು ಎಂದರು. ನಡುವೆ ನಿಲ್ಲಿಸಬೇಡ, ಮುದುಕಿಯ ಮಾತಿಗೆ ಸೇರಿಸಿಕೊಂಡೇ ಓದು ಎಂದರು. ಓಟೀಲಿ ಓದಿದಳು. ಗ್ರೀಕಿನಲ್ಲಿ ಹೇಗಿತ್ತೆಂದು ನಾನು ಹೇಳಲಾರೆ. ಅರ್ಥ ಇಷ್ಟು: ಈ ಭಾರ ನನ್ನ ತೋಳಿಗೆ ಗೊತ್ತು, ಮೊದಲ ದಿನವೂ ಹೊತ್ತೆ, ಕಡೆಯ ದಿನವೂ ಹೊರುವೆ. ಮಣ್ಣೇ, ಮೆಲ್ಲಗೆ ಎತ್ತಿಕೋ, ಈ ಮಗುವಿಗೆ ಇನ್ನೂ ನಿದ್ದೆ ಹತ್ತಿಲ್ಲ.

"ಮೊದಲ ದಿನ ಹೊತ್ತದ್ದು ರಾಜ ಹೇಗಾದಾನು?" ಎಂದರು ಎಗ್ಗರ್ಸ್, ಯಾರಿಗೂ ಅಲ್ಲದ ಹಾಗೆ. "ರಾಜರು ಎಲ್ಲಿ ಕೂಸು ಹೊರ್ತಾರೆ? ಅದು ದಾಸಿದೇ. ಇಷ್ಟು ನನಗೆ ಹೊಳೀಲಿಲ್ಲವಲ್ಲ." ಅವರ ಮುಖದಲ್ಲಿ ಸೋತ ಕಳೆ ಇರಲಿಲ್ಲ, ಸಂತೋಷವೇ ಇತ್ತು. ಇಂಥ ಸಂತೋಷ ಪಂಡಿತರಿಗೆ ಮಾತ್ರ ಬರುವಂಥದ್ದು. ತನ್ನ ತಲೆ ಹೋದರೂ ಸಾಲು ಸರಿಯಾಯಿತಲ್ಲ ಎಂಬ ಸಂತೋಷ. ಓಟೀಲಿಯ ಎದೆಯ ಭಾರ ಇಳಿಯಿತು. ಎಲ್ಲ ಸರಿಹೋಯಿತು ಎಂದುಕೊಂಡಳು.

ಆಮೇಲೆ ಅವರು ಕೇಳಿದರು. "ನಾರು ಅಂತ ನಿನಗೆ ಯಾವಾಗ ಗೊತ್ತಾಯ್ತು?"

ಇವತ್ತೇ ಎಂದು ಹೇಳಬಹುದಿತ್ತು. ಸುಳ್ಳು ಹೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ನವೆಂಬರಲ್ಲಿ."

"ನವೆಂಬರು." ಅವರು ಬೆರಳು ಮಡಿಚಿ ಎಣಿಸಿದರು. "ನಾಲ್ಕು ತಿಂಗಳು. ಅಷ್ಟು ದಿನ ನಾನು ಆ ಹುಡುಗರ ಮುಂದೆ ಇಲ್ಲದ ರಾಜನ್ನ ನಿಲ್ಲಿಸಿ ಪಾಠ ಹೇಳಿದೆ. ಇವತ್ತು ಬೆಳಗ್ಗೆ ನನ್ನ ಬೆರಳು ಹಿಡಿದು ಜಾಗ ತೋರಿಸ್ದೆಯಲ್ಲ, ಆಗಲೂ ಗೊತ್ತಿತ್ತು."

"ನೀನು ಅಷ್ಟು ಖುಷಿಯಾಗಿದ್ದೆ ಅಪ್ಪಾ."

"ತಪ್ಪು ಎಲ್ಲರೂ ಓದ್ತಾರೆ, ಓಟೀಲಿ. ನಾನೂ ಓದಿದ್ದೀನಿ, ನನ್ನ ಪುಸ್ತಕದ ಹಿಂದೆ ತಿದ್ದುಪಡಿ ಪಟ್ಟಿ ಇದೆ. ಗೊತ್ತಿದ್ದೂ ಸುಮ್ಮನಿರೋದು ಬೇರೆ." ಅದನ್ನು ಅವರು ಬೈದು ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸುಸ್ತಾದವರ ಹಾಗೆ ಹೇಳಿದರು. ಓಟೀಲಿಯ ಕಣ್ಣಲ್ಲಿ ನೀರು ತುಂಬಿತು.

ಶ್ಟ್ರೂಬೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಎಷ್ಟಾದರೂ ಅವರೂ ಮನುಷ್ಯರೇ. ಭೂತಗನ್ನಡಿಯನ್ನು ಚೀಲಕ್ಕೆ ಹಾಕುತ್ತ ಒಂದು ದಾರಿ ಸೂಚಿಸಿದರು. ಬೆಳಕು ಸರಿಯಿರಲಿಲ್ಲ, ಗೀಟಿನ ವಿಷಯದಲ್ಲಿ ಇಬ್ಬರೂ ಕೂತು ಒಮ್ಮತಕ್ಕೆ ಬಂದೆವು ಎಂದು ಎರಡು ಸಾಲು ಹಾಕಿದರಾಯಿತು. ಕಣ್ಣಿನ ಮಾತು ಈ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ. ಐದನೆಯ ಸಂಪುಟ ಮುಗಿಯಲಿ.

"ಬೇಡ," ಎಂದರು ಎಗ್ಗರ್ಸ್. "ಇನ್ನು ಮುಚ್ಚಿಡೋದು ಬೇಡ. ಮುಚ್ಚಿಡೋದನ್ನ ಈ ಮನೆಯಲ್ಲಿ ಶುರು ಮಾಡಿದ್ದೇ ನಾನು. ಓಟೀಲಿ, ಕಾಗದ ತಗೋ."

ಅವಳು ಕಣ್ಣೊರೆಸಿಕೊಂಡು ಕೂತಳು. ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು, ಅವಳು ಬರೆದಳು. ಒಂಬತ್ತನೆಯ ಸಾಲಿನ ಕೆಳಗೆ ಗೀಟಿಲ್ಲ. ಗೆಹೈಮ್‌ರಾಟ್ ಶ್ಟ್ರೂಬೆ ಹೇಳಿದ್ದೇ ಸರಿ. ಕೊನೆಯ ಏಳು ಸಾಲು ದಾಸಿಯವು. ಕೆಳಗೆ ಸಹಿ ಮಾಡಿದವನಿಗೆ ಎರಡು ವರ್ಷದಿಂದ ದೃಷ್ಟಿಯಿಲ್ಲ. ಈ ಅವಧಿಯಲ್ಲಿ ಅವನ ಹೆಸರಿನಲ್ಲಿ ಬಂದ ಪ್ರತಿಯೊಂದು ಪಠ್ಯವನ್ನೂ ಓದಿದವಳು ಅವನ ಮಗಳು ಓಟೀಲಿ ಎಗ್ಗರ್ಸ್. ಬಲ್ಲವರು ಅವನ್ನೆಲ್ಲ ಮೂಲದೊಡನೆ ಹೋಲಿಸಿ ನೋಡಬೇಕು. ಈ ಬೇಸಿಗೆಯ ಪಾಠಕ್ಕೆ ಅವನು ಬರುವುದಿಲ್ಲ. ತನ್ನ ಹೆಸರನ್ನೂ ಓಟೀಲಿ ಪೂರ್ತಿ ಬರೆದಳು.

"ಓದು," ಎಂದರು.

ಮೊದಲಿಂದ ಕೊನೆಯವರೆಗೆ ಓದಿದಳು. ಅವರು ತಲೆ ಬಾಗಿಸಿ ಕೇಳಿದರು. ಎರಡು ವರ್ಷದಲ್ಲಿ ಸಾವಿರ ಹಾಳೆ ಅವಳ ಬಾಯಿಂದ ಕೇಳಿದ್ದರು. ಒಂದು ಸಲವೂ ಹೌದಾ ಎಂದು ಮರಳಿ ಕೇಳಿರಲಿಲ್ಲ.

"ಬರೆದಿರೋದನ್ನೇ ಓದಿದೆಯಾ?"

"ಹೌದು ಅಪ್ಪಾ."

ಅವರು ಕೈ ಚಾಚಿದರು. ಅವಳು ಸಹಿಗೆ ಎಂದುಕೊಂಡು ಕಾಗದವನ್ನೂ ಲೇಖನಿಯನ್ನೂ ಕೊಟ್ಟಳು. ಲೇಖನಿಯನ್ನು ಮೇಜಿನ ಮೇಲಿಟ್ಟು ಕಾಗದವನ್ನು ಮಾತ್ರ ಹಿಡಿದುಕೊಂಡು, ಶ್ಟ್ರೂಬೆ ಕೂತಿರಬೇಕೆಂದು ತೋರಿದ ಕಡೆಗೆ ಅದನ್ನು ನೀಡಿದರು.

"ನೀವೂ ಒಂದ್ಸಲ ನೋಡಿಬಿಡಿ, ಗೆಹೈಮ್‌ರಾಟ್," ಎಂದರು. "ಆಮೇಲೆ ಸಹಿ ಹಾಕ್ತೀನಿ."

ಶ್ಟ್ರೂಬೆ ಓಟೀಲಿಯ ಮುಖ ನೋಡಲಾರದೆ ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದರು. ಅವಳು ಓದಿದ್ದಕ್ಕೂ ಅದರಲ್ಲಿದ್ದದ್ದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ.